ಸೊನ್ನೆ ತಾಕು

ತಕ್ಕಡಿಯ ಮುಳ್ಳು ಹದಿನೆಂಟಕ್ಕೆ ಬಂದು ನಿಂತಿತು. ನಿಂಗ್ರುಮ್ ಚೀಲ ಇಳಿಸಿ ಮತ್ತೆ ತೂಗಿದಳು. ಹದಿನೆಂಟೇ ಕಿಲೋ.

ಮೂರು ಹೈಬ್ರಿಡ್ ಮೆಕ್ಕೆಜೋಳಗಳಿಗೆ ಯೂರಿಯಾ ಎಷ್ಟು ಹಾಕಿದರೆ ಇಳುವರಿ ಎಷ್ಟು ಏರುತ್ತದೆಂದು ನೋಡುವ ಪ್ರಯೋಗ ಅದು. ಹೋಲಿಕೆಗೆಂದು ಪ್ರತಿ ತಳಿಯ ಒಂದು ತಾಕನ್ನು ಉಪವಾಸ ಕೆಡವಿ, 'ಸೊನ್ನೆ' ಎಂದು ಹಲಗೆ ನೆಟ್ಟಿದ್ದಳು. ಈಗ ಮೂರನೇ ತಳಿಯ ಸೊನ್ನೆ ತಾಕು ಹೊಟ್ಟೆ ತುಂಬ ಉಂಡ ತಾಕುಗಳಷ್ಟೇ ತೂಗುತ್ತಿತ್ತು.

"ಯೂರಿಯಾ ಇಲ್ದೇನೇ ಇಷ್ಟಾ?" ಸ್ಪೀಕರಿಗೆ ಹಾಕಿದ್ದ ಫೋನಿನಲ್ಲಿ ಅವಳ ಮೇಲಧಿಕಾರಿ ಹಿಗ್ಗಿದರು. "ಚಿನ್ನ ಕಣಮ್ಮ ಆ ತಳಿ! ಮುಂದಿನ ಬೆಳೆಗೆ ಗ್ರೋಬೋಗನ್ ಜಿಲ್ಲೆ ರೈತರಿಗೆಲ್ಲ ಹೇಳ್ಬಿಡೋಣ, ಇದಕ್ಕೆ ಯೂರಿಯಾ ದಂಡ ಅಂತ."

ತೆನೆ ಸುಲಿಯುತ್ತಿದ್ದ ಹೊಲದ ಒಡತಿ ವಾಗಿರಾಳ ಕೈ ನಿಂತಿತು. ನಿಂಗ್ರುಮ್ ಫೋನ್ ಇಡುವುದನ್ನೇ ಕಾದು ಹತ್ತಿರ ಬಂದಳು.

"ಬೈಬೇಡ ಮಗಾ. ಆ ತಾಕಿಗೆ ನಾನು ಯೂರಿಯಾ ಹಾಕ್ದೆ. ಎರಡು ಸಲ."

"ಯಾಕಮ್ಮಾ?"

"ದಾರಿ ಪಕ್ಕ ಅಲ್ವಾ? ಸಂತೆಗೆ ಹೋಗೋರೆಲ್ಲ 'ಏನೇ ವಾಗಿರಾ, ನಿನ್ನ ಜೋಳಕ್ಕೆ ಕಾಮಾಲೆನಾ?' ಅಂತ ಆಡ್ಕೊಳ್ಳೋರು. ಅವರ ಬಾಯಿ ಬಿಡು. ಈ ಪೈರು ನೀನು ತಂದು ನೆಟ್ಟಿದ್ದು. ನನ್ನ ನೆಲಕ್ಕೆ ಬಂದ ನೆಂಟರು. ಪಕ್ಕದ ಸಾಲಿಗೆ ಬಡಿಸಿ ಈ ಸಾಲನ್ನ ಉಪವಾಸ ಇಡೋಕೆ ಮನಸ್ಸು ಬರ್ಲಿಲ್ಲ. ನಮ್ಮ ಪಾಲಿನ ಯೂರಿಯಾದಿಂದಾನೇ ತೆಗ್ದು ಹಾಕ್ದೆ. ನಿನ್ನ ಲೆಕ್ಕ ಕೆಡುತ್ತೆ ಅಂತ ಗೊತ್ತಾಗ್ಲಿಲ್ಲ."

ನಿಂಗ್ರುಮ್ ಆ ಸಾಲಿನ ಕಡೆ ತಿರುಗಿದಳು. ಬಿತ್ತಿದ ನಲವತ್ತೈದನೇ ದಿನ ಎಲೆಯ ಹಸಿರು ಅಳೆಯುವ ಬಣ್ಣದ ಪಟ್ಟಿ ಹಿಡಿದು ಇದೇ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಹಳದಿಯಾಗಿರಬೇಕಿದ್ದ ಎಲೆ ಹಸಿರಾಗಿತ್ತು. ಬುಡದಲ್ಲಿ ಇನ್ನೂ ಕರಗದ ನಾಲ್ಕಾರು ಬಿಳಿ ಹರಳು. ಹೇಳಿದರೆ ಪ್ರಯೋಗ ಮತ್ತೆ ಮೊದಲಿನಿಂದ, ಅವಳ ಬಡ್ತಿ ಇನ್ನೊಂದು ವರ್ಷ ಮುಂದಕ್ಕೆ. ಅತ್ತಿತ್ತ ನೋಡಿ, ಬೂಟಿನ ತುದಿಯಿಂದ ಮಣ್ಣು ಸರಿಸಿ ಮುಚ್ಚಿದ್ದಳು.

ಆದರೆ ಈಗಲೂ ಮುಚ್ಚಿಟ್ಟರೆ ಊರೂರಿನ ರೈತರು ಯೂರಿಯಾ ಬಿಟ್ಟು ಬಿತ್ತುತ್ತಾರೆ. ಅವಳು ಮತ್ತೆ ಫೋನ್ ಮಾಡಿದಳು.

"ಸರ್, ಆ ಅಂಕಿ ಬಿಟ್ಬಿಡಿ. ಹೊಲದವರು ಯೂರಿಯಾ ಹಾಕ್ಬಿಟ್ಟಿದ್ದಾರೆ."

"ಛೆ! ಈ ಹಳ್ಳಿ ಜನಾನೇ ಹೀಗೆ. ನಿಂಗೆ ಮೊದಲೇ ಗೊತ್ತಾಗ್ಲಿಲ್ವಾ?"

ವಾಗಿರಾ ಅವಳ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ ಸರ್."

"ಒಳ್ಳೇದಾಯ್ತು ಬಿಡು," ಫೋನ್ ಇಟ್ಟ ಮೇಲೆ ವಾಗಿರಾ ಉಸಿರುಬಿಟ್ಟಳು. "ಬೈಗಳೆಲ್ಲ ನಂಗೇ ಇರ್ಲಿ."

ಹೊರಡುವಾಗ ನಿಂಗ್ರುಮ್ ಎಂದಿನಂತೆ ಹಿರಿಯಳ ಕೈಯನ್ನು ಹಣೆಗೊತ್ತಿಕೊಳ್ಳಲು ಬಾಗಿದಳು. ವಾಗಿರಾ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಇವತ್ತು ಬೇಡ ಮಗಾ. ತಪ್ಪು ಮಾಡಿದ ಕೈ."

ಬಾಗಿದವಳ ಕಣ್ಣಿಗೆ ತನ್ನ ಬೂಟಿನ ತುದಿ ಬಿತ್ತು.