ಒಣಮೆಣಸಿನ ಘಾಟು

ಒಗ್ಗರಣೆಗೆ ಹಾಕಿದ ಒಣಮೆಣಸಿನ ಘಾಟು ತಗುಲಿದ್ದೇ ತಡ, ಎಂಟು ವರ್ಷದ ಅಂಬಿಕಳ ಉಸಿರು ಕಟ್ಟಿತು. ಅಜ್ಜಿ ಅಮ್ಮಾಜಮ್ಮ ಸೌಟು ಬಿಸಾಕಿ, ಮೊಮ್ಮಗಳನ್ನು ಅಂಗಳಕ್ಕೆ ಎತ್ತಿ ತಂದು, ಇನ್‌ಹೇಲರ್ ಬಾಯಿಗಿಟ್ಟು ಒತ್ತಿದಳು.

ಬಂಗಾರಪೇಟೆಯ ಡಾಕ್ಟರು ಬೆಳಿಗ್ಗೆಯಷ್ಟೇ ಹೇಳಿದ್ದರು: ಏಳು ತಿಂಗಳಿಗೇ ಹುಟ್ಟಿದ ಈ ಕೂಸಿಗೆ ಆಗ ವಾರಗಟ್ಟಲೆ ಕೊಟ್ಟ ಆಕ್ಸಿಜನ್ ಜೀವ ಉಳಿಸಿತು, ಆದರೆ ಶ್ವಾಸನಾಳ ಸಣ್ಣ ಹೊಗೆಗೂ ಹೀಗೆ ಬಿಗಿದುಕೊಳ್ಳುವುದಕ್ಕೆ ಅದೂ ಕಾರಣವಿರಬಹುದು. ಕೂಸು ಹುಟ್ಟಿದಾಗ ನರ್ಸಮ್ಮನ ಕಾಲು ಹಿಡಿದು, ಆಕ್ಸಿಜನ್ ಪೈಪು ತೆಗೆಯಬೇಡಿ ಎಂದು ಬೇಡಿದವಳು ಅಮ್ಮಾಜಮ್ಮನೇ.

ಹುಡುಗಿಯ ಎದೆ ಮೆಲ್ಲನೆ ಸಡಿಲವಾಯಿತು.

"ನನ್ನಿಂದ್ಲೇ ಕಣಮ್ಮ ನಿಂಗೀ ಪಾಡು. ಪೈಪು ತೆಗೀಬ್ಯಾಡಿ ಅಂದೋಳು ನಾನೇ."

"ತೆಗೆದಿದ್ರೆ ಏನಾಗ್ತಿತ್ತಜ್ಜಿ?"

ಬೆಳಿಗ್ಗೆಯಿಂದ ಅಮ್ಮಾಜಮ್ಮ ಅದೊಂದನ್ನು ತನ್ನನ್ನೇ ತಾನು ಕೇಳಿಕೊಂಡಿರಲಿಲ್ಲ. "ನೀನು ಇರ್ತಿರ್ಲಿಲ್ಲ," ಎಂದಳು.

"ಅಂಗಾದ್ರೆ ಒಳ್ಳೇದೇ ಮಾಡ್ದೆ ಬಿಡು," ಎಂದು ಅಂಬಿಕ ಬಾಯಿ ಒರೆಸಿಕೊಂಡು ಎದ್ದಳು.