ಊದುಗೊಳವೆ

“ಲಗೂನ ಬಂದು ಊದು ಬೇ! ಕುಬಸಕ್ಕ ಹೊಂಟವರು ತೊಟ್ಟಿಲಕ್ಕ ಮುಟ್ಟೂಣೇನು?”

ಕ್ರೂಸರ್ ಗಾಡಿಯ ಸ್ಟೇರಿಂಗಿಗೆ ಎದೆಯೊರಗಿಸಿ ಶಶಿಕಾಂತ ಕೂಗಿದ. ಬೆಳಗಿನ ಹೊತ್ತಿಗೇ ಅವನ ಕಣ್ಣು ಹಣ್ಣು ಮೆಣಸಿನಕಾಯಿಯಾಗಿದ್ದವು. ಹಿಂದಿನ ಸೀಟುಗಳಲ್ಲಿ ರನ್ನ ಬೆಳಗಲಿಯ ಅರ್ಧ ಓಣಿ ಕುಳಿತಿತ್ತು: ಹೆಂಗಸರು, ಮಡಿಲ ಕೂಸುಗಳು, ರೊಟ್ಟಿ ಬುತ್ತಿಯ ಗಂಟುಗಳು. ಅನಗವಾಡಿಗೆ ಕೊಟ್ಟ ಅವನ ಬಸುರಿ ತಂಗಿಯ ಕುಬಸ, ಅಂದರೆ ಸೀಮಂತ, ಅವತ್ತು. ದಾರಿಯಲ್ಲಿ ಅಣೆಕಟ್ಟಿನ ಹಿನ್ನೀರಿನ ಮೇಲಿನ ಉದ್ದ ಸೇತುವೆ ದಾಟಬೇಕು.

ಅವನ ಹೆಂಡತಿ ಭಾಗ್ಯಾ ಹೊಸ್ತಿಲಲ್ಲಿ ನಿಂತು ಅತ್ತೆ ತಂಗೆವ್ವನಿಗೆ ಮೆಲ್ಲಗೆ ಹೇಳಿದಳು: “ಅತ್ತಿ, ಬಸ್ಸಿಗೆ ಹೋಗೂಣ್ರಿ. ಇವತ್ತ ಅವರಿಗೆ ಭಾಳ ಆಗೇತಿ. ಗಾಡಿ ತುಂಬ ಕೂಸುಗಳದಾವು.”

ತಂಗೆವ್ವ ಬಾಯಿ ತೆರೆಯುವ ಮೊದಲೇ ಅಂಗಳದಲ್ಲಿದ್ದ ಅಮಸಿದ್ದಪ್ಪ ಕೇಳಿಸಿಕೊಂಡ. ಅವನು ಶಶಿಕಾಂತನ ಕಾಕಾ, ಗಾಡಿಯ ಮಾಲೀಕ.

“ಮಷಿನ್ ಇದ್ದ ಮ್ಯಾಲೆ ಅಂಜಿಕಿ ಯಾಕವಾ? ಫಾರಿನ್‌ದಾಗ ಇದನ್ನ ಕೋರ್ಟಿನವರ ಹಾಕಸ್ತಾರ. ಕುಡದು ಸಿಕ್ಕವ ಊದಬೇಕು, ಹಸರ ದೀಪ ಬಂದ್ರಷ್ಟ ಗಾಡಿ ಚಾಲೂ. ನಮ್ಮ ಕೋರ್ಟು ಇವನಿಗೆ ದಂಡಾ ಹಾಕಿ, ಆರು ತಿಂಗಳ ಲೈಸೆನ್ಸ್ ಇಟಕೊಂಡು ತಿರಗಿ ಕೊಟ್ಟಬಿಡ್ತು. ನಾ ಬಿಟ್ಟೇನು? ಪುಣೆದಿಂದ ತರಿಸಿ ಹಾಕಿಸೇನಿ. ಇಡೀ ತಾಲೂಕಿನಾಗ ನನ್ನ ಗಾಡಿ ಒಂದಕ್ಕ ಐತಿ!”

ಅದು ಖರೆ. ಮಷಿನ್‌ಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಪಕ್ಕದಲ್ಲಿ ನಿಂತು ಅವನು ಫೋಟೊ ತೆಗೆಸಿಕೊಂಡಿದ್ದ. ಮೊದಲ ದಿನ ಶಶಿಕಾಂತ ಊದಿದಾಗ ಕೆಂಪು ದೀಪ ಹತ್ತಿತು. ಮರುದಿನವೂ ಕೆಂಪು. ಬಾಡಿಗೆಗಳು ತಪ್ಪತೊಡಗಿದ ಮೇಲೆ ಅಮಸಿದ್ದಪ್ಪ ನಿಯಮವನ್ನು ಇನ್ನೊಮ್ಮೆ ಯೋಚಿಸಿದ. ಊದಬೇಕು ಎಂಬುದಷ್ಟೇ ನಿಯಮ. ಊದಿದವರು ಯಾರೆಂದು ದೀಪ ಕೇಳುವುದಿಲ್ಲ. ಅಂದಿನಿಂದ ಅದು ಭಾಗ್ಯಾಳ ಕೆಲಸವಾಯಿತು. ಮನೆಗೆ ಗ್ಯಾಸ್ ಬಂದು ಒಲೆಯ ಊದುಗೊಳವೆ ಮೂಲೆ ಸೇರಿತ್ತು, ಅದರ ಬದಲು ಇದು ಬಂತು. ಕಸ ಗುಡಿಸುವುದು, ನೀರು ತುಂಬುವುದು, ಗಂಡನ ಗಾಡಿಗೆ ಊದುವುದು, ರೊಟ್ಟಿ ಬಡಿಯುವುದು.

“ಏ, ಬರ್ತೀಯೋ ಹಾರ್ನ್ ಹೊಡಿಲ್ಯೋ?”

“ಬಂದೆ,” ಎಂದು ಭಾಗ್ಯಾ ಒಳಗೆ ಹೋದಳು. ಜೋಳದ ಚೀಲ ಸರಿಸಿದ ಸದ್ದಾಯಿತು. ಹೊರಗೆ ಬಂದಾಗ ಸೆರಗು ಬಾಯಿಗಿತ್ತು. ಯಾರಿಗೂ ಅದು ಹೊಸದೆನಿಸಲಿಲ್ಲ. ಹಿರಿಯರೆದುರು ಅವಳು ಯಾವಾಗಲೂ ಹಾಗೆಯೇ. ಕಿಟಕಿಯಲ್ಲಿ ಬಗ್ಗಿ, ಕೊಳವೆ ಬಾಯಿಗಿಟ್ಟು, ಎಂದಿಗಿಂತ ಉದ್ದಕ್ಕೆ ಊದಿದಳು.

ಕೆಂಪು.

“ಹೋತು! ಇನ್ನ ಅರ್ಧ ತಾಸು ಯಾರ ಊದಿದ್ರೂ ಇದು ಕೇಳೂದಿಲ್ಲ,” ಅಮಸಿದ್ದಪ್ಪ ಹಣೆ ಬಡಿದುಕೊಂಡ. “ಕೆಟ್ಟೈತೇನಪಾ ಮಷಿನ್ನು?”

ನೆರೆಮನೆಯ ಬೋರವ್ವ ಗಾಡಿಯೊಳಗಿನಿಂದ ಮೂಗು ಹೊರಹಾಕಿದಳು. “ಮಷಿನ್ ಛಲೋನ ಐತಿ. ವಾಸನಿ ಇಲ್ಲಿತನಾ ಬರಾಕತ್ತೇತಿ.”

“ಅದು ಶಶ್ಯಾಂದು,” ಎಂದ ಅಮಸಿದ್ದಪ್ಪ.

“ಶಶ್ಯಾನ ವಾಸನಿ ನಮಗ ರೂಢಿ ಐತಿ ಬಿಡು. ಇದು ಹೊಸಾದು.”

ತಂಗೆವ್ವ ದಡದಡ ಬಂದು ಸೊಸೆಯ ಸೆರಗು ಸರಿಸಿ, ಬಾಯಿಯ ಹತ್ತಿರ ಮೂಗು ತಂದಳು. ಸೊಸೆಯ ಮುಖ ನೋಡಿದಳು. ಗಾಡಿಯೊಳಗಿನ ಕೂಸುಗಳನ್ನು ನೋಡಿದಳು. ಆಮೇಲೆ ಓಣಿಗೆಲ್ಲ ಕೇಳುವಂತೆ ಎದೆ ಬಡಿದುಕೊಂಡಳು. “ಕುಡದಾಳ್ರೆಪೋ! ಬೀರಪ್ಪಾ, ನನ್ನ ಮನಿತನ ಮುಳುಗಿತೋ!”

ಹೆಂಗಸರು ಗಂಟುಗಳ ಸಮೇತ ಇಳಿದರು. ಶಶಿಕಾಂತನಿಗೆ ಇಳಿಯುವುದು ಅಷ್ಟು ಸುಲಭವಾಗಲಿಲ್ಲ. ಬಾಗಿಲಿಗೆ ಜೋತುಬಿದ್ದು ಅತ್ತ. “ಹೆಣ್ಣಾಗಿ ಕುಡಿತೀಯೇನಬೇ? ನಾಲ್ಕು ಮಂದ್ಯಾಗ ನಾ ಹೆಂಗ ತಲಿ ಎತ್ತಲಿ?” ಅವನ ತಲೆ ಆಗಲೇ ಏಳುತ್ತಿರಲಿಲ್ಲ.

ಇಳಿದವರಲ್ಲೊಬ್ಬಳಾದ ಅನಸವ್ವ ಅವನ ಬೆನ್ನು ಸವರಿದಳು. “ಪಾಪ, ಇಂಥಾಕಿನ್ನ ಕಟಗೊಂಡು ಕುಡೀದ ಏನ್ ಮಾಡ್ಯಾನು?”

ಅಮಸಿದ್ದಪ್ಪ ಕಟ್ಟೆ ಹತ್ತಿ ಹೊಸ ನಿಯಮ ಸಾರಿದ. “ಇವತ್ತಿನಿಂದ ಕುಡಿಯೋರು ಯಾರೂ ಈ ಮಷಿನ್‌ಕ ಬಾಯಿ ಹಚ್ಚಾಂಗಿಲ್ಲ! ನಾಳಿಂದ ನಮ್ಮ ತಂಗೆವ್ವ ವೈನಿ ಊದ್ತಾರ. ಅವರು ಚಹಾ ಸುದ್ದಾ ಮುಟ್ಟೂದಿಲ್ಲ.”

ಎಲ್ಲರೂ ಹೂಂಗುಟ್ಟಿದರು. ಎಲ್ಲರಿಗಿಂತ ಜೋರಾಗಿ ಶಶಿಕಾಂತ.

ಅಷ್ಟರಲ್ಲಿ ಊರ ಅಗಸಿಬಾಗಿಲ ಕಡೆ ಬಸ್ಸಿನ ಹಾರ್ನ್ ಕೇಳಿ ಮಂದಿ ಅತ್ತ ಓಡಿದರು. ಭಾಗ್ಯಾ ಬಚ್ಚಲಲ್ಲಿ ಬಾಯಿ ಮುಕ್ಕಳಿಸುತ್ತಿದ್ದಳು. ಗಂಡನ ಬಾಟ್ಲಿಯ ಒಂದು ಹನಿಯೂ ಗಂಟಲಿಗೆ ಇಳಿದಿರಲಿಲ್ಲ. ನಾಲಿಗೆ ಮಾತ್ರ ಇನ್ನೂ ಉರಿಯುತ್ತಿತ್ತು. ಹಿಂದಿನಿಂದ ತಂಗೆವ್ವನ ಬಳೆಯ ಸದ್ದು ಕೇಳಿ, ಬೈಗುಳಕ್ಕೆಂದು ತಲೆ ತಗ್ಗಿಸಿ ನಿಂತಳು.

ತಂಗೆವ್ವ ತಂಬಿಗೆ ಬಗ್ಗಿಸಿ ಅವಳ ಬೊಗಸೆಗೆ ನೀರು ಹಾಕಿದಳು. ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು.

“ಬುತ್ತಿ ಗಂಟು ತಗೋ, ಬಸ್ಸು ಹೋದೀತು. ನಾಳಿಂದ ಊದಾಕಿ ನಾನು… ಆ ಬಾಟ್ಲಿ ಎಲ್ಲಿಡತಾನ, ಬಂದ ಮ್ಯಾಲೆ ನನಗೂ ತೋರಿಸಿಡು.”