ಹೆಡ್‌ಮಾಸ್ಟರ್ ಕೀಳಲಾಗದ ಗಿಡ

ಬೆಳಿಗ್ಗೆ ನೋಡಿದರೆ ಗಿಡಗಳೆಲ್ಲ ಮತ್ತೆ ಬೇರು ಮೇಲೆ ಮಾಡಿಕೊಂಡು ನೀರಿನಲ್ಲಿ ತೇಲುತ್ತಿದ್ದವು. ಮೇಷ್ಟ್ರು ಊದಿದ ಎಡಗೆನ್ನೆಗೆ ಮಫ್ಲರ್ ಬಿಗಿದುಕೊಂಡು ಅಕ್ವೇರಿಯಂ ಎದುರು ನಿಂತಿದ್ದರು. ಶಾಲೆಯಲ್ಲಿ ಪಿ.ಟಿ. ಮಾಡಿಸಿ ನಿವೃತ್ತರಾದವರು. ಅವರ ಒಂದು ಸೀಟಿಗೆ ಇಡೀ ಮೈದಾನ ನೆಟ್ಟಗಾಗುತ್ತಿದ್ದ ಕಾಲವೊಂದಿತ್ತು. ಈಗ ನಾಲ್ಕೆಲೆಯ ಗಿಡವೂ ಮಾತು ಕೇಳುತ್ತಿರಲಿಲ್ಲ. ಕೀಳುತ್ತಿದ್ದದ್ದು ಡೊಳ್ಳುಹೊಟ್ಟೆಯ ಒಂದು ಗೋಲ್ಡ್‌ಫಿಶ್. ಮಾಡಲು ಕೆಲಸವಿಲ್ಲದೆ ದಿನವಿಡೀ ಎಲ್ಲದಕ್ಕೂ ಮೂಗು ತೂರಿಸುತ್ತದೆಂದು ಮೇಷ್ಟ್ರು ಅದಕ್ಕೆ ಹೆಡ್‌ಮಾಸ್ಟರ್ ಎಂದು ಹೆಸರಿಟ್ಟಿದ್ದರು.

"ಗಿಡ ಆಮೇಲೆ ಅಪ್ಪ. ಮೊದಲು ಕೆಳಗೆ ಹೋಗಿ ಆ ಹಲ್ಲು ತೋರಿಸು," ಎಂದಳು ಮಗಳು.

ಕೆಳಗೆ ಎಂದರೆ ಅಳಿಯನ ಹಲ್ಲಿನ ಕ್ಲಿನಿಕ್. ಮನೆ ಅದರ ಮೇಲೆಯೇ. ಮೆಟ್ಟಿಲ ಬಳಿ ಕಾಯುವ ರೋಗಿಗಳ ನಡುವೆಯೇ ಮೇಷ್ಟ್ರು ಮಫ್ಲರ್ ಸಮೇತ ವಾಕಿಂಗ್ ಹೋಗಿ ಬರುತ್ತಿದ್ದರು. ಡಾಕ್ಟರ ಮಾವನೇ ಲವಂಗ ಕಚ್ಚಿಕೊಂಡು ಓಡಾಡುವುದನ್ನು ನೋಡಿ ನಿನ್ನೆ ಒಬ್ಬಾಕೆ ಸದ್ದಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಎದ್ದುಹೋಗಿದ್ದಳು. ಮಾವನ ಹಲ್ಲು ಮಾವನಿಗಿಂತ ಅಳಿಯನಿಗೇ ಹೆಚ್ಚು ನೋಯುತ್ತಿತ್ತು.

"ನಾನು ಹೇಳೋದು ಇಷ್ಟೇ," ಎಂದರು ಮೇಷ್ಟ್ರು, ಬಾಗಿಲಲ್ಲಿ ನಿಂತಿದ್ದ ಅಳಿಯನತ್ತ ತಿರುಗಿ, ತುಟಿ ಸರಿಯಾಗಿ ಬಿಚ್ಚದೆಯೇ. "ಒಂದು ಗಿಡ ನಿಲ್ಸೋಕೆ ಬಾರದವರ ಕೈಗೆ ನನ್ನ ಬಾಯಿ ಕೊಡಲ್ಲ. ನಿಲ್ಸಿ ತೋರಿಸಿ ಅಳಿಯಂದ್ರೇ, ಆವತ್ತೇ ಬಾಯಿ ತೆಗೀತೀನಿ."

"ಆಮೇಲೆ ಮಾತು ತಪ್ಪಬಾರದು ಮಾವ."

"ಪಿ.ಟಿ. ಮೇಷ್ಟ್ರ ಮಾತು."

ಅಳಿಯ ಅಂಗಿಯ ತೋಳು ಮಡಚಿ ನೀರಿಗೆ ಕೈಹಾಕಿದ. ಗಿಡಗಳ ಬುಡಕ್ಕೆ ಭಾರಕ್ಕೆಂದು ಮಾವ ಸಿಕ್ಕಿಸಿದ್ದ, ಈಗ ಕಳಚಿ ಮರಳಲ್ಲಿ ಬಿದ್ದಿದ್ದ ಗಾಳದ ಗುಂಡುಗಳನ್ನು ಒಂದೊಂದಾಗಿ ಹೆಕ್ಕಿ ಹೊರಗಿಟ್ಟ.

"ಇದು ಸೀಸ ಮಾವ. ಮೀನಿಗೆ ವಿಷ."

"ಮರಳಲ್ಲಿ ಹೂತುಬಿಡೋಣ ಅಂತ ಮಾತ್ರ ಅನ್ನಬೇಡಿ. ಅದನ್ನೂ ಮಾಡಿ ನೋಡಿದೀನಿ. ಬುಡದ ಈ ಗೆಡ್ಡೆ ಮರಳೊಳಗೆ ಹೋದ್ರೆ ಕೊಳೆಯುತ್ತೆ. ಮೇಲೇ ಇರಬೇಕು, ಆದ್ರೆ ಅಲ್ಲಾಡಬಾರದು."

"ಕಲ್ಲಿಗೆ ಕಟ್ಟಿದ್ರಾಯ್ತು. ನನ್ನ ಹತ್ರ ದಾರ ಇದೆ, ಎಂಥ ದವಡೆಗೂ ಹರಿಯಲ್ಲ."

ಅವನು ಜೇಬಿನಿಂದ ತೆಗೆದದ್ದು ಹಲ್ಲಿನ ಸಂದಿ ಶುಚಿ ಮಾಡುವ, ಮೇಣ ಸವರಿದ ದಾರ. ರೋಗಿಗಳಿಗೆ ಬಿಟ್ಟಿ ಹಂಚಲೆಂದು ಬಂದದ್ದು ಕ್ಲಿನಿಕ್ಕಿನಲ್ಲಿ ಡಬ್ಬಿಗಟ್ಟಲೆ ಬಿದ್ದಿತ್ತು. ಒಂದೊಂದು ಗಿಡವನ್ನೂ ಒಂದೊಂದು ಬೆಣಚುಕಲ್ಲಿಗೆ ಕೂರಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಗಂಟು ಹಾಕಿದ. ಆ ಕೈಚಳಕ ನೋಡಿ ಹೆಂಡತಿಗೇ ಹೆಮ್ಮೆಯಾಯಿತು. ಮೇಷ್ಟ್ರು ಮಾತ್ರ ಮಫ್ಲರ್ ಇನ್ನಷ್ಟು ಬಿಗಿದುಕೊಂಡರು.

ಮರುದಿನ ಬೆಳಿಗ್ಗೆ ಗಿಡಗಳು ಅಟೆನ್ಷನ್‌ನಲ್ಲಿ ನಿಂತಿದ್ದವು. ಮೀನುಗಳು ಮೂಲೆಯಲ್ಲಿ ಗುಂಪುಗೂಡಿ, ಬಾಯಿ ನೀರಿನ ಮೇಲೆ ಚಾಚಿ ಏದುಸಿರು ಬಿಡುತ್ತಿದ್ದವು. ಹೆಡ್‌ಮಾಸ್ಟರ್ ಒಂದು ಮಗ್ಗುಲಿಗೆ ವಾಲಿತ್ತು. ಮಗಳು ನೀರಿಗೆ ಬೆರಳದ್ದಿ ಮೂಸಿದಳು.

"ರೀ, ಪುದೀನ ವಾಸನೆ ಬರ್ತಿದೆ. ಮೀನಿಗೆಲ್ಲ ಹಲ್ಲುಜ್ಜಿಸಿದ್ರಾ?"

ಅಳಿಯ ದಾರದ ಡಬ್ಬಿ ತಿರುಗಿಸಿ ಓದಿದ. ಮೇಣಕ್ಕೆ ಪುದೀನ ಎಣ್ಣೆ ಬೆರೆಸಿದ್ದರು. ಅವನ ಮುಖ ಸಪ್ಪಗಾಯಿತು. ದಾರವನ್ನೆಲ್ಲ ಕತ್ತರಿಸಿ ತೆಗೆದ. ಮೂವರೂ ಸೇರಿ ಬಕೆಟ್ಟುಗಟ್ಟಲೆ ನೀರು ಬದಲಿಸಿದರು. ಕಿವಿರು ಆಡುತ್ತಿದೆಯೇ ಎಂದು ಅಳಿಯ ಹೆಡ್‌ಮಾಸ್ಟರ್ ಮೇಲೆ ಟಾರ್ಚ್ ಬಿಟ್ಟು ನೋಡತೊಡಗಿದ.

"ನನ್ನ ಮೀನೇನಾದ್ರೂ ಸತ್ರೆ," ಎಂದು ಹಳೆಯ ಮೈದಾನದ ದನಿಯಲ್ಲಿ ಗುಡುಗಲು ಹೋದ ಮೇಷ್ಟ್ರ ಬಾಯಿ, ನೋವು ಜಗ್ಗಿ ಅರ್ಧದಲ್ಲೇ ತೆರೆದು ನಿಂತಿತು. ಟಾರ್ಚ್ ಮೀನನ್ನು ಬಿಟ್ಟು ಮಾವನತ್ತ ತಿರುಗಿತು.

"ಎಡಗಡೆ ಮೇಲಿನ ದವಡೆ ಹಲ್ಲು. ಸೀಳಿಹೋಗಿದೆ. ಕೀಳಲೇಬೇಕು."

ಮೇಷ್ಟ್ರು ಗಬಕ್ಕನೆ ಬಾಯಿ ಮುಚ್ಚಿದರು. ಮಗಳು ಕೊಳೆ ನೀರಿನ ಬಕೆಟ್ ಎತ್ತಿಕೊಂಡು ಬಚ್ಚಲಿಗೆ ಹೋಗುವವರೆಗೂ ಕಾದರು. ಆಮೇಲೆ ಪಿಸುದನಿಯಲ್ಲಿ ಕೇಳಿದರು.

"ತುಂಬಾ ನೋಯುತ್ತಾ?"

ಅಳಿಯ ಬೆಪ್ಪಾದ. "ಹೆದರಿಕೇನಾ ಮಾವ? ಮೊದಲೇ ಹೇಳಬಾರದಿತ್ತಾ?"

"ಅತ್ತ ಹುಡುಗರನ್ನ ಇನ್ನೊಂದು ಸುತ್ತು ಓಡಿಸಿದವನು ನಾನು. ಈಗ ಅಳಿಯನ ಮುಂದೆ ಕಣ್ಣೀರು ಹಾಕಿದ್ರೆ ಈ ಮನೇಲಿ ನನಗೇನು ಬೆಲೆ ಉಳಿಯುತ್ತೆ?"

ನಗಬೇಕಾದ ಜಾಗದಲ್ಲಿ ಅಳಿಯನಿಗೆ ನಗು ಬರಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಅವನಿಗೆ ಮಾವನ ಮೇಲೆ ಪ್ರೀತಿ ಬಂತು. "ನರ್ಸನ್ನ ಹೊರಗೆ ಕಳಿಸ್ತೀನಿ, ಬಾಗಿಲು ಹಾಕ್ಕೊಳ್ಳೋಣ," ಎಂದ.

ಮಧ್ಯಾಹ್ನ ಇಬ್ಬರೂ ಮೇಲೆ ಬಂದರು. ಮೇಷ್ಟ್ರ ಬಾಯಲ್ಲಿ ಹತ್ತಿಯ ಉಂಡೆ ಇತ್ತು. ಅಳಿಯನ ಬಿಳಿ ಕೋಟಿನ ತೋಳು ಯಾರೋ ಹಿಡಿದು ಹಿಂಡಿದಂತೆ ಮುದುಡಿತ್ತು.

"ಅಪ್ಪ ಅತ್ರೇನ್ರೀ?"

"ಒಂದು ಹನಿನೂ ಇಲ್ಲ," ಎಂದ ಅಳಿಯ, ಅವಳು ಕೇಳಿ ಮುಗಿಸುವ ಮೊದಲೇ.

ಗಾಯ ಮಾಗಿ, ಮಫ್ಲರ್ ಗೂಟಕ್ಕೆ ಹೋದ ಮೇಲೆ ಒಂದು ದಿನ ಮಗಳು ಅಕ್ವೇರಿಯಂ ಗಾಜು ಒರೆಸುತ್ತಿದ್ದವಳು ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಕುದಿಸಿ ತೊಳೆದ ದವಡೆ ಹಲ್ಲೊಂದು ತನ್ನ ಮೂರು ಬೇರನ್ನೂ ಮರಳಲ್ಲಿ ಊರಿಕೊಂಡು ಕೂತಿತ್ತು. ಅದರ ತಲೆಯ ಮೇಲೆ ಬಿಳಿ ಹತ್ತಿದಾರದಲ್ಲಿ ಕಟ್ಟಿದ ಪುಟ್ಟ ಗಿಡ ನೆಟ್ಟಗೆ ನಿಂತಿತ್ತು.

"ಥೂ, ಏನಪ್ಪ ಇದು?"

"ಬರೀ ಹತ್ತಿದಾರ, ಬಣ್ಣ ಇಲ್ಲ, ವಾಸನೆ ಇಲ್ಲ. ಅದು ಕೊಳೆಯೋ ಹೊತ್ತಿಗೆ ಗಿಡ ತಾನೇ ಹಿಡ್ಕೊಂಡಿರುತ್ತೆ," ಎಂದರು ಮೇಷ್ಟ್ರು ಬಾಯಿ ತುಂಬ ನಗುತ್ತ. "ಇದು ಮಾತ್ರ ಅಲ್ಲಾಡಲ್ಲ ನೋಡು. ಕೀಳೋವಾಗ ಬೆವತುಹೋದವರು ನಿನ್ನ ಗಂಡ, ನಾನಲ್ಲ."

ಹೆಡ್‌ಮಾಸ್ಟರ್ ಬಂದು ಹಲ್ಲನ್ನು ಮೂಗಿನಿಂದ ಒಮ್ಮೆ ಗುಮ್ಮಿತು. ಇನ್ನೊಮ್ಮೆ ಗುಮ್ಮಿತು. ಆಮೇಲೆ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಬಾಲ ತಿರುಗಿಸಿ ಹೊರಟುಹೋಯಿತು.